ಹೊಸ್ತಿಲಲ್ಲಿ ಬಚಾತ

ಮೊದಲು ಕೆಟ್ಟದ್ದು ಚಾಕಿನ ಗೆರೆ. ಹೊಸಂಗಡಿ ಪೇಟೆಯಲ್ಲಿ ಬಹಳ ವರ್ಷ ಮದುವೆಯ ಕೋಟು ಹೊಲಿದ ಆಂಬ್ರೋಸರು ಬಟ್ಟೆಯ ಮೇಲೆ ಎಳೆದ ಗೆರೆ ದಾರ ಬಿಗಿದು ಹಿಡಿದಂತೆ ಇರುತ್ತಿತ್ತು. 2016ರ ಮಳೆಗಾಲ ಮುಗಿಯುವ ಹೊತ್ತಿಗೆ ಆ ಗೆರೆ ನಡುಗತೊಡಗಿತು. ಕತ್ತರಿ ಗೆರೆಯ ಹಿಂದೆಯೇ ಹೋಯಿತು. ಒಬ್ಬ ಮದುಮಗನ ಕೋಟಿನ ಎಡತೋಳು ಬಲತೋಳಿಗಿಂತ ಗಿಡ್ಡವಾಯಿತು. ಆಂಬ್ರೋಸರು ಕನ್ನಡಕ ಬದಲಿಸಿದರು, ಆಮೇಲೆ ಅಂಗಡಿಯ ಬಲ್ಬು ಬದಲಿಸಿದರು. ಕೊನೆಗೆ ಮಂಗಳೂರಿನ ನರರೋಗದ ಡಾಕ್ಟರೊಬ್ಬರು ಅವರನ್ನು ಕೋಣೆಯ ಉದ್ದಕ್ಕೂ ನಡೆಸಿ, ಬೆರಳುಗಳನ್ನು ಮುಚ್ಚಿ ತೆರೆಸಿ ನೋಡಿ, ಇದು ಪಾರ್ಕಿನ್ಸನ್ ಕಾಯಿಲೆ ಎಂದರು. ಗುಣವಾಗುವುದಿಲ್ಲ, ಮಾತ್ರೆಯಿಂದ ಸ್ವಲ್ಪ ಕಾಲ ಹಿಡಿದಿಡಬಹುದು ಎಂದರು.

ಹಿಂದಕ್ಕೆ ಬರುವ ಬಸ್ಸು ತಲಪಾಡಿ ದಾಟಿತು. ಆಗ ಆಂಬ್ರೋಸರು ಹೆಂಡತಿ ರೋಸ್ಮೇರಿಗೆ ಹೇಳಿದರು: "ಕ್ಯಾರಲ್‌ಳ ಮದುವೆ ಮುಗಿಯುವವರೆಗೆ ಇದು ನಮ್ಮಿಬ್ಬರಲ್ಲೇ ಇರಲಿ ರೋಜಿ. ಮಗಳಿಗೂ ಹೇಳುವುದು ಬೇಡ."

ರೋಸ್ಮೇರಿ ಆಗಲಿ ಎಂದಳು. ಯಾಕೆಂದು ಕೇಳುವ ಅಗತ್ಯ ಅವಳಿಗೆ ಇರಲಿಲ್ಲ. ನಮ್ಮದೇ ವಾಡೊದಲ್ಲಿ, ಅಂದರೆ ಚರ್ಚಿಗೆ ಸೇರಿದ ಈ ಕೇರಿಯಲ್ಲಿ, ಒಬ್ಬ ಹುಡುಗಿಯ ಸಂಬಂಧ ತಪ್ಪಿಹೋದದ್ದನ್ನು ನಾವೆಲ್ಲ ನೋಡಿದ್ದೆವು. ಅವಳ ತಾಯಿಗೆ ಅಪಸ್ಮಾರ ಇತ್ತು, ಅಷ್ಟೇ. ರಕ್ತದಲ್ಲಿ ಉಂಟು ಎಂದು ಯಾರೋ ಹೇಳಿದರು, ಮತ್ತೆ ಆ ಮನೆಗೆ ಗಂಡಿನ ಕಡೆಯವರು ಬರಲಿಲ್ಲ.

ಇದನ್ನೆಲ್ಲ ರೋಸ್ಮೇರಿ ನನಗೆ ಹೇಳಿದ್ದು ಬಹಳ ತಡವಾಗಿ, ಸಂಜೆಯ ಜಪಸರ ಮುಗಿಸಿ ಅವರ ಜಗಲಿಯಲ್ಲಿ ಕುಳಿತಿದ್ದಾಗ, ಒಂದೊಂದು ದಿನ ಒಂದೊಂದು ತುಂಡು. ನಾನು ಅವಳ ನೆರೆಯವಳು. ಆಗ ಮಾತ್ರ ನನಗೂ ಏನೂ ಗೊತ್ತಿರಲಿಲ್ಲ.

ಕ್ಯಾರಲ್ ಅವರ ಒಬ್ಬಳೇ ಮಗಳು. ದುಬೈಯಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ. ರಜೆಯ ದಿನ ಸಂಜೆ ಅವಳು ಬಚಾತ ಎಂಬ ಜೋಡಿ ನೃತ್ಯದ ತರಗತಿಗೆ ಹೋಗುತ್ತಿದ್ದಳು. ಅಲ್ಲಿಯೇ ಬಜ್ಪೆಯ ಕೀತ್ ಎಂಬ ಹುಡುಗನ ಪರಿಚಯವಾಯಿತು. ಒಳ್ಳೆಯ ಹುಡುಗ, ಒಳ್ಳೆಯ ಮನೆ. ತಂದೆ ಇಲ್ಲ, ತಾಯಿ ಜೂಲಿಯೆಟ್ ಬಾಯಿ ಒಬ್ಬರೇ. 2018ರ ಜನವರಿಗೆ ಮದುವೆ ಎಂದು ಎರಡೂ ಮನೆಯವರು ಮಾತಾಡಿಕೊಂಡರು.

ಕ್ಯಾರಲ್‌ಗೆ ಒಂದು ಆಸೆ ಇತ್ತು. ರಿಸೆಪ್ಷನ್‌ನಲ್ಲಿ ಅವಳೂ ಕೀತ್‌ನೂ ಬಚಾತ ಕುಣಿದ ಮೇಲೆ ಅಪ್ಪ ಅಮ್ಮನೂ ಅದನ್ನೇ ಕುಣಿಯಬೇಕು. ಅದರಲ್ಲಿ ವಿಶೇಷವೇನೂ ಇಲ್ಲ. ಆಂಬ್ರೋಸ್ ಮತ್ತು ರೋಸ್ಮೇರಿ ವಾಲ್ಟ್ಸ್ ಕುಣಿಯಲು ಎದ್ದರೆ ಸಭಾಂಗಣದಲ್ಲಿ ಉಳಿದವರು ಬದಿಗೆ ಸರಿದು ನೋಡುತ್ತಿದ್ದ ಕಾಲ ಒಂದಿತ್ತು. ಕ್ಯಾರಲ್ ವಾಟ್ಸಾಪಿನಲ್ಲಿ ಮೂರು ವಿಡಿಯೊ ಕಳಿಸಿದಳು. "ಮಮ್ಮಿ, ಮೂರು ಸ್ಟೈಲ್ ಉಂಟು. ನಿಮಗೆ ಯಾವುದು ಆಗ್ತದೆ ನೋಡಿ ಕಲಿಯಿರಿ. ಡ್ಯಾಡಿಗೆ ಎರಡು ದಿನ ಸಾಕು."

ಆಗ ಡ್ಯಾಡಿಗೆ ಮಲಗುವ ಕೋಣೆಯಿಂದ ಚಾವಡಿಗೆ ಬರುವುದೇ ಕಷ್ಟವಾಗಿತ್ತು. ಬಯಲಿನಲ್ಲಿ ಹೇಗೋ ನಡೆಯುತ್ತಿದ್ದರು. ಬಾಗಿಲು ಬಂದರೆ ಕಾಲು ನಿಂತೇಬಿಡುತ್ತಿತ್ತು. ಮೇಲಿನ ಮೈ ಮುಂದೆ ಬಾಗುತ್ತಿತ್ತು, ಪಾದ ಮಾತ್ರ ನೆಲಕ್ಕೆ ಅಂಟಿದಂತೆ. "ನೆಲ ಹಿಡ್ಕೊಂಡಿದೆ ರೋಜಿ," ಎನ್ನುತ್ತಿದ್ದರು. ಅವಳು ಕೈ ಹಿಡಿದು ಎಳೆದರೆ ಬೀಳುತ್ತಿದ್ದರು. ಎಳೆಯದಿದ್ದರೆ ಅಲ್ಲೇ ಇರುತ್ತಿದ್ದರು.

ಒಂದು ಬೆಳಿಗ್ಗೆ ಅಡಿಗೆಮನೆಯ ಬಾಗಿಲಲ್ಲಿ ಹೀಗೆ ಸಿಕ್ಕಿಬಿದ್ದಿದ್ದರು. ರೋಸ್ಮೇರಿ ಒಲೆಯ ಹತ್ತಿರ ಫೋನು ಒರಗಿಸಿಟ್ಟು ಮಗಳ ವಿಡಿಯೊ ನೋಡುತ್ತಿದ್ದಳು. ಗಿಟಾರು, ಅದರ ಕೆಳಗೆ ಸಣ್ಣ ಡೋಲು. ಪಕ್ಕಕ್ಕೆ ಮೂರು ಹೆಜ್ಜೆ, ನಾಲ್ಕನೆಯದಕ್ಕೆ ಹೆಜ್ಜೆ ಇಲ್ಲ, ಹಿಮ್ಮಡಿ ಎತ್ತಿ ಮುಂಗಾಲು ತಾಗಿಸುವುದು ಅಷ್ಟೆ. ಮತ್ತೆ ಇನ್ನೊಂದು ಪಕ್ಕಕ್ಕೆ ಹಾಗೆಯೇ. ಅವಳು ತಿರುಗಿ ನೋಡಿದಾಗ ಗಂಡನ ಬಲ ಹಿಮ್ಮಡಿ ಆ ನಾಲ್ಕನೆಯ ಪೆಟ್ಟಿಗೆ ಸರಿಯಾಗಿ ಏಳುತ್ತಿತ್ತು. ಅವರಿಗೂ ಅದು ಗೊತ್ತಿರಲಿಲ್ಲ. ಮರುಕ್ಷಣ ಕಾಲು ಬಿಟ್ಟುಕೊಂಡಿತು. ಒಳಗೆ ಬಂದು ಕಾಫಿ ಕೇಳಿದರು.

ರೋಸ್ಮೇರಿ ಒಲೆ ಆರಿಸಿ ಕುಳಿತುಬಿಟ್ಟಳು. ಅವಳ ಪ್ರಾರ್ಥನೆ ಆ ದಿನದಿಂದ ಬದಲಾಯಿತು. ಗುಣ ಮಾಡು ಎಂದು ಕೇಳುವುದನ್ನು ಬಿಟ್ಟು, ಜನವರಿಯವರೆಗೆ ಇವರು ಬಾಗಿಲು ದಾಟುವಂತೆ ಮಾಡು ಎಂದು ಕೇಳತೊಡಗಿದಳು.

ಕಲಿಯಲು ಹಿಡಿದ ಮೂರು ವಿಡಿಯೊಗಳಲ್ಲಿ ಮೊದಲನೆಯದು ಡೊಮಿನಿಕನ್ ಶೈಲಿ. ಬಚಾತ ಹುಟ್ಟಿದ ದ್ವೀಪದಲ್ಲಿ ಜನ ಅಂಗಳದಲ್ಲಿ ಕುಣಿಯುತ್ತಿದ್ದ ಬಗೆ ಎಂದು ಕ್ಯಾರಲ್ ಹೇಳಿದ್ದಳು. ಜೋಡಿ ಸ್ವಲ್ಪ ದೂರ ನಿಂತು ಕೈ ಹಿಡಿದುಕೊಳ್ಳುತ್ತದೆ, ಮೈ ಸಡಿಲ, ಪಾದ ನೆಲದ ಹತ್ತಿರವೇ ಬೇಗಬೇಗ ಆಡುತ್ತದೆ. ಆಂಬ್ರೋಸರಿಗೆ ಅದು ಇಷ್ಟವಾಯಿತು, ಅವರ ಕಾಲಿಗೆ ಆಗಲಿಲ್ಲ. ಸಣ್ಣ ಹೆಜ್ಜೆ ಇಡತೊಡಗಿದರೆ ಪಾದಗಳು ಅವರ ಮಾತು ಕೇಳದೆ ಓಡುತ್ತಿದ್ದವು, ಮೈ ಅವುಗಳ ಮುಂದೆ ಬೀಳುತ್ತಿತ್ತು. ಮೂರನೆಯ ದಿನ ಹೊಲಿಗೆ ಯಂತ್ರದ ಮೇಲೆ ಬಿದ್ದು ಹುಬ್ಬು ಒಡೆಯಿತು.

ಎರಡನೆಯದು ಮೊಡೆರ್ನಾ. ಅದರಲ್ಲಿ ಸುತ್ತು ಜಾಸ್ತಿ. ಒಬ್ಬರು ಕೈ ಎತ್ತಿದರೆ ಇನ್ನೊಬ್ಬರು ಅದರ ಕೆಳಗೆ ತಿರುಗಬೇಕು. ಆಂಬ್ರೋಸರು ಅರ್ಧ ತಿರುಗಿ ಗೋಡೆಗೆ ಮುಖಮಾಡಿ ನಿಂತರು. ಹಾಡು ಮುಗಿಯಿತು, ಅವರು ಅಲ್ಲೇ ಇದ್ದರು.

"ಎಂತ ಮಾಡ್ತಾ ಇದ್ದೀರಿ?" ಎಂದಳು ರೋಸ್ಮೇರಿ.

"ಗೋಡೆ ನೋಡ್ತಾ ಇದ್ದೇನೆ ಮಾರಾಯ್ತಿ. ಮದುವೆಗೆ ಮುಂಚೆ ಪೈಂಟ್ ಮಾಡಿಸ್ಬೇಕು."

ಅವಳು ನಕ್ಕಳು. ನಗುತ್ತಾ ಅಡಿಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಮೂರನೆಯ ವಿಡಿಯೊವನ್ನು ಅವಳು ಮೊದಲ ಸಲ ಪೂರ್ತಿ ನೋಡಿರಲಿಲ್ಲ. ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿದ್ದಳು. ಅದಕ್ಕೆ ಸೆನ್ಶುವಲ್ ಎಂದು ಹೆಸರು. ಕ್ಯಾರಲ್ ಮತ್ತು ಕೀತ್ ಎದೆಗೆ ಎದೆ ತಾಗಿಸಿ ನಿಂತು, ನೀರಿನಲ್ಲಿ ಅಲೆ ಹೋದ ಹಾಗೆ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಚಲನೆ ದಾಟಿಸುತ್ತಿದ್ದರು. ಮದುವೆಗೆ ಇನ್ನೂ ತಿಂಗಳುಗಳಿವೆ, ಈ ಹುಡುಗಿ ಹೀಗೆ ನಿಲ್ಲುವುದೇ ಎಂದು ಅವಳಿಗೆ ಮುಖ ಬಿಸಿಯಾಗಿತ್ತು.

ಬೇರೆ ದಾರಿ ಇರಲಿಲ್ಲ. ಮಾತ್ರೆಯ ಶಕ್ತಿ ಮೊದಲು ಊಟದಿಂದ ಊಟದವರೆಗೆ ಬರುತ್ತಿದ್ದದ್ದು ಈಗ ನಡುವೆಯೇ ಇಳಿಯುತ್ತಿತ್ತು. ಒಂದು ಮಧ್ಯಾಹ್ನ ಫೋನು ತಿರುಗಿಸಿಟ್ಟು, ಚಿತ್ರ ನೋಡದೆ ಮಗಳ ಮಾತನ್ನು ಮಾತ್ರ ಕೇಳಿದಳು. ಹಿಂದೆ ಮುಂದೆ ಮಾಡಿ ಎಷ್ಟೋ ಸಲ ಕೇಳಿದಳು. "ಇದರಲ್ಲಿ ಪಾದ ಕೊನೆಗೆ ಬರುವುದು ಮಮ್ಮಿ. ಮೊದಲು ಭಾರ ಬದಲಾಗ್ತದೆ, ಒಳಗಿನಿಂದ. ಎದುರಿನವರಿಗೆ ಅದು ಎದೆಯಲ್ಲಿ ಗೊತ್ತಾಗ್ತದೆ. ಅವರಿಗೆ ಹೆಜ್ಜೆ ಹೇಳಿಕೊಡ್ಲಿಕ್ಕಿಲ್ಲ, ಮೈಯಲ್ಲಿ ಕೇಳ್ತದೆ."

ಪಾದ ಕೊನೆಗೆ ಬರುವುದು. ಆಂಬ್ರೋಸರ ಪಾದಕ್ಕೆ ಯಾರು ಹೇಳಿದರೂ ಕೇಳುವುದಿಲ್ಲ, ಅವರೇ ಹೇಳಿದರೂ ಕೇಳುವುದಿಲ್ಲ. ಪಾದವನ್ನು ಬಿಟ್ಟು ಬೇರೆಡೆಯಿಂದ ಸುರು ಮಾಡಿದರೆ?

ಅವಳು ಕೀತ್‌ನ ಭಾಗವನ್ನು ಕಲಿತಳು, ಗಂಡಸು ನಡೆಸುವ ಭಾಗವನ್ನು. ಗೋದ್ರೇಜ್ ಕಪಾಟಿನ ಕನ್ನಡಿಯ ಮುಂದೆ, ದಿಂಬು ತಬ್ಬಿಕೊಂಡು. ಆಮೇಲೆ ಗಂಡನನ್ನು ಬಾಗಿಲ ಹತ್ತಿರ ನಿಲ್ಲಿಸಿ ತಬ್ಬಿದಳು. ತನ್ನ ಭಾರವನ್ನು ಎಡಕ್ಕೆ ಬಿಟ್ಟಳು. ಅವರ ಮೈ ಎಡಕ್ಕೆ ಬಂತು. ಬಲಕ್ಕೆ ಬಿಟ್ಟಳು. ಹೊರಗೆ ಮೀನಿನವನು ಕೂಗಿ ಕೂಗಿ ಹೊರಟುಹೋದ. ಎಷ್ಟೋ ಹೊತ್ತಿನ ಮೇಲೆ ಆಂಬ್ರೋಸರ ಹಿಮ್ಮಡಿ ಎದ್ದಿತು, ಪಾದ ಹಿಂಬಾಲಿಸಿತು. ಇಬ್ಬರೂ ಓರೆಯಾಗಿ, ಏಡಿಯ ಹಾಗೆ, ಹೊಸ್ತಿಲು ದಾಟಿ ಚಾವಡಿಗೆ ಬಂದರು.

"ಇಷ್ಟು ವರ್ಷ ನಾನು ನಿನ್ನನ್ನು ಕುಣಿಸಿದೆ," ಎಂದರು ಆಂಬ್ರೋಸರು. ಅವರ ಸ್ವರ ಆಗಲೇ ತಗ್ಗಿತ್ತು, ಕಿವಿ ಕೊಟ್ಟು ಕೇಳಬೇಕಿತ್ತು. "ಈಗ ನೀನು ಗಂಡಸು."

"ಹಾಗಾದ್ರೆ ಅನ್ನಕ್ಕೆ ನೀವು ಇಡಿ," ಎಂದಳು ಅವಳು.

ಅವಳ ಮನಸ್ಸಿಗೆ ಮಾತ್ರ ಸಮಾಧಾನವಿರಲಿಲ್ಲ. ಪಾಪನಿವೇದನೆಗೆ ಹೋದಾಗ, ಇಂಥ ಅಂಟಿಕೊಂಡು ಕುಣಿಯುವ ನೃತ್ಯ ಮಾಡುತ್ತಿದ್ದೇನೆ ಎಂದು ಹೇಳಿಯೇಬಿಟ್ಟಳು.

"ಯಾರೊಟ್ಟಿಗೆ?" ಎಂದರು ಪಾದ್ರಿಗಳು.

"ಗಂಡನೊಟ್ಟಿಗೆ ಫಾದರ್."

ಪಾದ್ರಿಗಳು ಜಾಲರಿಗೆ ಇನ್ನಷ್ಟು ಹತ್ತಿರ ಬಂದರು. "ಅದಕ್ಕೆ ಪ್ರಾಯಶ್ಚಿತ್ತ ಇಲ್ಲಮ್ಮ. ಮುಂದಿನದು ಹೇಳಿ."

ಆಂಬ್ರೋಸರನ್ನು ಪೊರ್ಬುಗಳೆಂದೇ ಕರೆಯುತ್ತಿದ್ದ ಪಕ್ಕದ ಮನೆಯ ನಬೀಸುಮ್ಮ ಬೇಲಿಯ ಆಚೆಯಿಂದ ಕೇಳಿದರು: "ಬಾಯಮ್ಮ, ಎಂತ ನಿಮ್ಮಲ್ಲಿ ದಿನಾ ಗಿಟಾರ್? ಪೊರ್ಬುಗಳಿಗೆ ಇನ್ನೊಮ್ಮೆ ಮದುವೆಯಾ?"

"ಹೌದು, ಹುಡುಗಿ ನಾನೇ," ಎಂದು ರೋಸ್ಮೇರಿ ನಕ್ಕು ಒಳಗೆ ಹೋದಳು.

ಪೇಟೆಯಲ್ಲಿ ಬೇರೆ ಮಾತು ಹುಟ್ಟಿತ್ತು. ಆಂಬ್ರೋಸರು ಹೊಸಂಗಡಿಯ ಬಸ್ ಸ್ಟ್ಯಾಂಡಿನಲ್ಲಿ ಓಲಾಡಿದ್ದನ್ನು, ಮಾತು ತೊದಲಿದ್ದನ್ನು ಜನ ನೋಡಿದ್ದರು. ಹುಬ್ಬಿನ ಗಾಯವನ್ನೂ ನೋಡಿದ್ದರು. ವಾಡೊದ ಗುರ್ಕಾರ ಸವಿಯೊ ಒಂದು ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದ. ಗುರ್ಕಾರ ಎಂದರೆ ಇಗರ್ಜಿಯ ಕಡೆಯಿಂದ ವಾಡೊದ ಮನೆಗಳ ಸುಖದುಃಖ ನೋಡಿಕೊಳ್ಳುವವನು. ಸವಿಯೊ ಸಜ್ಜನ. ಕುರ್ಚಿಯ ತುದಿಯಲ್ಲಿ ಕುಳಿತು ಹೇಳಿದ:

"ರೋಸ್ಮೇರಿ ಬಾಯಿ, ಬೇಸರ ಮಾಡ್ಬೇಡಿ. ಕುಡಿತ ಬಿಡಿಸುವ ಧ್ಯಾನಕೂಟ ಉಂಟು, ಐದು ದಿನದ್ದು. ನಾನೇ ಕರ್ಕೊಂಡು ಹೋಗ್ತೇನೆ. ಆಂಬ್ರೋಸ್ ಅಂಕಲ್ ಎಷ್ಟು ಒಳ್ಳೆಯ ಜನ."

ಆಂಬ್ರೋಸರು ಬದುಕಿನಲ್ಲಿ ಮದುವೆಯ ಟೋಸ್ಟಿನ ವೈನನ್ನು ತುಟಿಗೆ ತಾಗಿಸಿದ್ದು ಬಿಟ್ಟರೆ ಕುಡಿದವರಲ್ಲ. ರೋಸ್ಮೇರಿಯ ನಾಲಿಗೆಯ ತುದಿಗೆ ಆ ಮಾತು ಬಂತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಕುಡಿತ ಅಲ್ಲ ಎಂದರೆ ಮತ್ತೆಂತ ಎಂದು ಕೇಳುತ್ತಾರೆ. ಕುಡುಕ ಅಪ್ಪಂದಿರ ಹೆಣ್ಣುಮಕ್ಕಳಿಗೆ ಮದುವೆಯಾಗುತ್ತದೆ, ಎಷ್ಟೋ ಆಗಿವೆ. ಕುಡಿತ ರಕ್ತದಲ್ಲಿ ಬರುವುದಲ್ಲ ಎಂದು ಜನ ತಿಳಿದಿದ್ದಾರೆ.

"ಹೌದು ಸವಿಯೊ," ಎಂದಳು. "ಸ್ವಲ್ಪ ಸುರು ಮಾಡಿದ್ದಾರೆ. ಮದುವೆ ಒಂದು ಮುಗಿಯಲಿ, ಆಮೇಲೆ ಕರ್ಕೊಂಡು ಹೋಗುವ."

ಒಳಕೋಣೆಯಲ್ಲಿ ಆಂಬ್ರೋಸರು ಇದನ್ನು ಕೇಳಿದರು. ಆ ದಿನ ಅವರು ಊಟ ಮಾಡಲಿಲ್ಲ.

ಇಗರ್ಜಿಯಲ್ಲಿ ಮದುವೆಯ ಘೋಷಣೆ ಓದುವ ಮೊದಲು ಗಂಡಿನ ಕಡೆಯವರು ಹೆಣ್ಣಿನ ವಾಡೊದ ಗುರ್ಕಾರನಲ್ಲಿ ಒಂದು ಮಾತು ವಿಚಾರಿಸುವ ಕ್ರಮ ನಮ್ಮಲ್ಲಿ ಉಂಟು. ಸುಮ್ಮನೆ ಒಂದು ಮರ್ಯಾದೆ. ಜೂಲಿಯೆಟ್ ಬಾಯಿ ಫೋನು ಮಾಡಿದರು. ಸುಳ್ಳು ಹೇಳಿ ಗೊತ್ತಿಲ್ಲದ ಸವಿಯೊ, ಚಿನ್ನದಂಥ ಮನೆ ಎಂದ. ಅಂಕಲಿಗೆ ಈಚೆಗೆ ಸ್ವಲ್ಪ ಕುಡಿತ, ಅದನ್ನು ನಾವು ಸರಿ ಮಾಡುತ್ತೇವೆ, ಅವರ ಹೆಂಡತಿಯೇ ಒಪ್ಪಿದ್ದಾರೆ ಎಂದ. ಅವನು ಒಳ್ಳೆಯದಕ್ಕೇ ಹೇಳಿದ್ದು.

ಮರುದಿನ ಮಧ್ಯಾಹ್ನ ಜೂಲಿಯೆಟ್ ಬಾಯಿ ಬಾಡಿಗೆ ಕಾರಿನಲ್ಲಿ ಬಂದಿಳಿದರು. ರೋಸ್ಮೇರಿ ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಗಾಬರಿಯಿಂದ ಎದ್ದು ಕುರ್ಚಿ ಎಳೆದಳು.

"ಕೂತ್ಕೊಳ್ಳಲಿಕ್ಕೆ ಬಂದದ್ದಲ್ಲ," ಎಂದರು ಜೂಲಿಯೆಟ್ ಬಾಯಿ. ಎತ್ತರದ ಹೆಂಗಸು, ನೇರ ಬೆನ್ನು. "ಕೀತ್‌ನ ಡ್ಯಾಡಿ ಹೇಗೆ ಹೋದದ್ದು ಅಂತ ನಿಮಗೆ ನಾವು ಹೇಳಿರ್ಲಿಲ್ಲ. ಹಾರ್ಟ್ ಅಂತ ಹೇಳಿದ್ದು. ಕುಡಿದೇ ಹೋದದ್ದು. ನನ್ನ ಮಗ ಚಡ್ಡಿ ಹಾಕುವ ಪ್ರಾಯದಲ್ಲಿ ಅಪ್ಪನನ್ನು ಚರಂಡಿಯಿಂದ ಎತ್ತಿಕೊಂಡು ಬಂದಿದ್ದಾನೆ. ಇನ್ನೊಂದು ಅಂಥ ಮನೆಗೆ ಅವನನ್ನು ನಾನು ಕಳಿಸ್ಲಿಕ್ಕಿಲ್ಲ. ಕ್ಯಾರಲ್ ಮೇಲೆ ನನಗೆ ಎಂತ ಸಿಟ್ಟೂ ಇಲ್ಲ."

ರೋಸ್ಮೇರಿಯ ಕೈಯಲ್ಲಿ ಇನ್ನೂ ಗೆರಸೆ ಇತ್ತು. ಅದನ್ನು ಕೆಳಗಿಡಲು ಅವಳಿಗೆ ತೋಚಲಿಲ್ಲ. ಮಗಳ ಮದುವೆ ಉಳಿಯಲಿ ಎಂದು ಯಾವ ಸುಳ್ಳನ್ನು ಹೇಳಿದ್ದಳೋ ಅದೇ ಸುಳ್ಳು ಈಗ ಮದುವೆಯನ್ನು ತೆಗೆದುಕೊಂಡು ಬಾಗಿಲಲ್ಲಿ ನಿಂತಿತ್ತು.

"ಕುಡಿತ ಅಲ್ಲ," ಎಂದಳು. "ಅವರಿಗೆ ಕಾಯಿಲೆ. ಪಾರ್ಕಿನ್ಸನ್. ನಾನೇ ಸುಳ್ಳು ಹೇಳಿದ್ದು."

"ನಾನೂ ಹೇಳ್ತಾ ಇದ್ದೆ," ಎಂದರು ಜೂಲಿಯೆಟ್ ಬಾಯಿ. ಅವರ ಸ್ವರದಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ಭಯವಾಗುವಂತಿತ್ತು. "ಪ್ರೆಷರ್ ಅಂತ ಹೇಳ್ತಿದ್ದೆ. ನಿದ್ದೆ ಇಲ್ಲ ಅಂತ ಹೇಳ್ತಿದ್ದೆ. ಕುಡುಕನ ಹೆಂಡತಿಗೆ ಎಷ್ಟು ಕಾಯಿಲೆಯ ಹೆಸರು ಗೊತ್ತುಂಟು ಅಂತ ನನ್ನನ್ನು ಕೇಳಿ."

"ಡಾಕ್ಟರ ಚೀಟಿ ತೋರಿಸ್ತೇನೆ."

"ಚೀಟಿ ನನ್ನ ಹತ್ರವೂ ಇತ್ತು."

ಅಷ್ಟರಲ್ಲಿ ಒಳಕೋಣೆಯ ಬಾಗಿಲಲ್ಲಿ ಆಂಬ್ರೋಸರು ಕಾಣಿಸಿಕೊಂಡರು. ಮಾತು ಕೇಳಿ ಎದ್ದು ಬಂದಿದ್ದರು. ಮಾತ್ರೆ ಇಳಿಯುವ ಹೊತ್ತು ಅದು. ಅಂಗಿಯ ಗುಂಡಿ ತಪ್ಪಿತ್ತು. ಮುಖದಲ್ಲಿ ಭಾವವೇ ಇರಲಿಲ್ಲ, ಕಾಯಿಲೆ ಅದನ್ನೂ ತೆಗೆದುಕೊಂಡಿತ್ತು. ಏನೋ ಹೇಳಿದರು, ತೊದಲಿತು. ಹೊಸ್ತಿಲಿಗೆ ಬಂದು ಕಾಲು ನಿಂತಿತು. ಮೈ ಮುಂದೆ ವಾಲಿ, ಚೌಕಟ್ಟಿಗೆ ಕೈಕೊಟ್ಟು ತೂಗತೊಡಗಿದರು.

"ನೋಡಿ," ಎಂದು ಜೂಲಿಯೆಟ್ ಬಾಯಿ ಕಣ್ಣು ಮುಚ್ಚಿಕೊಂಡರು. "ನೋಡಿ ಇದನ್ನು."

ರೋಸ್ಮೇರಿ ಗೆರಸೆ ಬಿಟ್ಟಳು. ಅಕ್ಕಿ ಚಾವಡಿಯ ತುಂಬ ಹರಡಿತು. ಅದನ್ನು ತುಳಿದುಕೊಂಡೇ ಹೋಗಿ ಗಂಡನನ್ನು ತಬ್ಬಿದಳು. ಫೋನು ಎಲ್ಲಿತ್ತೋ, ಹಾಡು ಹಾಕುವ ಹೊತ್ತಲ್ಲ. ಬಾಯಲ್ಲೇ ಗಿಟಾರಿನ ಆ ಸ್ವರ ಹಿಡಿದಳು. ಹೊರಗಿನ ಹೆಂಗಸಿನ ಮುಂದೆ, ಹಾಡುಹಗಲಿನಲ್ಲಿ, ಎದೆಗೆ ಎದೆ ಒತ್ತಿ, ಎಡಕ್ಕೆ ಭಾರ ಬಿಟ್ಟಳು. ಬಲಕ್ಕೆ ಬಿಟ್ಟಳು. ಏನೂ ಆಗಲಿಲ್ಲ. ದೇವರೇ, ಇದೊಂದು ಸಲ, ಎಂದು ಹಾಡಿನ ನಡುವೆಯೇ ಬೇಡಿದಳು. ಆಂಬ್ರೋಸರ ಮೈ ಮರದ ಕೊರಡಿನಂತಿತ್ತು.

ಹತ್ತಿರದಲ್ಲಿ ಸೀರೆಯ ಸದ್ದಾಯಿತು. ಜೂಲಿಯೆಟ್ ಬಾಯಿ ಬಂದು ಆಂಬ್ರೋಸರ ಮುಖಕ್ಕೆ ಮುಖ ತಂದು, ಬಾಯಿಯ ಹತ್ತಿರ ಮೂಗು ಇಟ್ಟು ಉಸಿರು ಎಳೆದುಕೊಂಡರು. ಅದು ಅವರಿಗೆ ಅಭ್ಯಾಸವಿದ್ದ ಕೆಲಸ ಎಂದು ನೋಡಿದರೆ ತಿಳಿಯುತ್ತಿತ್ತು. ಒಂದು ಸಲ, ನಂಬದೆ ಇನ್ನೊಂದು ಸಲ. ಆಂಬ್ರೋಸರಿಗೆ ಮುಖ ತಿರುಗಿಸಲೂ ಆಗಲಿಲ್ಲ. ಕಾಫಿಯ ವಾಸನೆ ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ.

"ಜೂಲಿಯೆಟ್ ಬಾಯಿ," ಎಂದರು ಆಂಬ್ರೋಸರು, ಪಿಸುಮಾತಿನಂಥ ಆ ಸ್ವರದಲ್ಲಿ. "ಕೋಟಿನ ಅಳತೆಯೂ ಬೇಕಾದ್ರೆ ತೆಗೀರಿ. ನಾನು ಎಲ್ಲಿಗೂ ಓಡುವುದಿಲ್ಲ."

ರೋಸ್ಮೇರಿಯ ಎದೆಗೆ ಅವರ ಭಾರ ಎಡಕ್ಕೆ ಸರಿದದ್ದು ತಿಳಿಯಿತು. ಕಾಲ ಕೆಳಗೆ ಅಕ್ಕಿ ಕಿರುಗುಟ್ಟಿತು. ಹಿಮ್ಮಡಿ ಎದ್ದಿತು. ಇಬ್ಬರೂ ಓರೆಯಾಗಿ, ಒಂದು ಹೆಜ್ಜೆಗೊಮ್ಮೆ ನಿಂತು, ಹೊಸ್ತಿಲು ದಾಟಿದರು.

ಜೂಲಿಯೆಟ್ ಬಾಯಿ ತಮಗಾಗಿ ಎಳೆದಿಟ್ಟಿದ್ದ ಕುರ್ಚಿಯಲ್ಲಿ ಕುಳಿತರು. ಆಮೇಲೆ ಕೇಳಿದರು: "ಇದು ಮಕ್ಕಳಿಗೆ ಬರ್ತದಾ?"

ರೋಸ್ಮೇರಿ ಒಂದು ವರ್ಷದಿಂದ ಹೆದರಿದ್ದ ಪ್ರಶ್ನೆ ಅದೇ. "ಹೆಚ್ಚಾಗಿ ಬರುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ," ಎಂದಳು. "ಬರುವುದೇ ಇಲ್ಲ ಅಂತ ಹೇಳ್ಲಿಲ್ಲ."

"ಕ್ಯಾರಲ್‌ಗೆ ಗೊತ್ತುಂಟಾ?"

"ಇಲ್ಲ."

"ಅಯ್ಯೋ ದೇವರೇ. ಮೊದಲು ಅವಳಿಗೆ ಹೇಳಿ. ಕೀತ್‌ಗೆ ಅವಳೇ ಹೇಳಲಿ. ಅವರಿಬ್ಬರು ಹೇಳಿದ ಮೇಲೆ ನನ್ನ ಮಾತು." ರೋಸ್ಮೇರಿ ತಂದ ನೀರನ್ನು ಅರ್ಧ ಕುಡಿದು, ಕಾರು ಹತ್ತಿದರು.

ಅರ್ಧ ಲೋಟದಲ್ಲಿ ಉಳಿದ ನೀರನ್ನು ನೋಡುತ್ತಾ ರೋಸ್ಮೇರಿ ಮಗಳಿಗೆ ಫೋನು ಮಾಡಿದಳು. ಎಲ್ಲವನ್ನೂ ಹೇಳಿದಳು. ಕರೆ ಕಡಿದುಹೋಯಿತೆಂದು ಅವಳು ಹಲೋ ಹಲೋ ಎಂದಳು.

"ಇದ್ದೇನೆ," ಎಂದಳು ಕ್ಯಾರಲ್. ಅಳುತ್ತಿದ್ದಳು. "ನಾನು ಇಲ್ಲಿ ಕೂತು ನಿಮಗೆ ಡಾನ್ಸ್ ಕಳಿಸ್ತಾ ಇದ್ದೆ. ಡ್ಯಾಡಿಗೆ ಎರಡು ದಿನ ಸಾಕು ಅಂತ ಹೇಳಿದೆ. ನೀನು ಒಂದು ಮಾತು ಹೇಳ್ಲಿಲ್ಲ ಮಮ್ಮಿ." ಮತ್ತೆ ಕೇಳಿದಳು: "ಯಾವ ಸ್ಟೈಲ್ ಆಯ್ತು ನಿಮಗೆ?"

"ಆ ನಾಚಿಕೆಯದ್ದು."

ಕ್ಯಾರಲ್ ಅಳುವಿನ ನಡುವೆ ಒಂದು ಸಲ ನಕ್ಕಳು. ಮತ್ತೆ ಬಹಳ ಹೊತ್ತು ಅತ್ತಳು.

ಕೀತ್‌ನ ಉತ್ತರಕ್ಕಾಗಿ ಒಂದು ವಾರ ಕಾದರು. ಆ ವಾರ ರೋಸ್ಮೇರಿ ಫೋನನ್ನು ಜಪಸರದ ಹಾಗೆ ಕೈಯಲ್ಲೇ ಹಿಡಿದುಕೊಂಡಿದ್ದಳು. ನಾನು ಹೋದರೆ ಸುಮ್ಮನೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಉತ್ತರ ಬಂದದ್ದು ಕೀತ್‌ನಿಂದ ಅಲ್ಲ. ಘೋಷಣೆ ಓದಿಸಿ ಎಂದು ಜೂಲಿಯೆಟ್ ಬಾಯಿ ನಮ್ಮ ಪಾದ್ರಿಗಳಿಗೇ ಫೋನು ಮಾಡಿದ್ದರು. ಅದು ರೋಸ್ಮೇರಿಗೆ ತಿಳಿದದ್ದು ಭಾನುವಾರ ಪೂಜೆಯಲ್ಲಿ ಕ್ಯಾರಲ್‌ಳ ಹೆಸರು ಓದಿದಾಗ. ರೋಸ್ಮೇರಿ ಬೆಂಚಿನ ಮೇಲೆ ಮುಖ ಇಟ್ಟಳು, ಬಲಿಪೂಜೆ ಮುಗಿಯುವವರೆಗೆ ಎತ್ತಲಿಲ್ಲ.

ಮದುವೆಯ ದಿನ ಇಗರ್ಜಿಯ ದೊಡ್ಡ ಬಾಗಿಲಲ್ಲಿ ಆಂಬ್ರೋಸರು ನಿಂತುಬಿಟ್ಟರು. ಅವರ ತೋಳಲ್ಲಿ ತೋಳಿಟ್ಟಿದ್ದ ಕ್ಯಾರಲ್ ಎಳೆಯಲಿಲ್ಲ. ಬಿಳಿ ಉಡುಪಿನಲ್ಲಿ ಅಪ್ಪನಿಗೆ ಅಂಟಿ ನಿಂತು ಮೆಲ್ಲಗೆ ಎಡಕ್ಕೆ, ಬಲಕ್ಕೆ ತೂಗಿದಳು. ಗಾಯನ ಮಂಡಳಿ ಹಾಡನ್ನು ಮೊದಲಿನಿಂದ ಇನ್ನೊಮ್ಮೆ ಹಾಡಿತು. ಇದು ಕುಡಿತವಲ್ಲ, ಕಾಯಿಲೆ ಎಂದು ಆಗ ಎಲ್ಲರಿಗೂ ಗೊತ್ತಾಯಿತು. ಸವಿಯೊ ನನ್ನ ಮುಂದಿನ ಸಾಲಿನಲ್ಲಿದ್ದ. ಅವನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ.

ರಿಸೆಪ್ಷನ್‌ನಲ್ಲಿ ಹುಡುಗಿಯ ತಂದೆತಾಯಿಯನ್ನು ಕುಣಿಯಲು ಕರೆದರು. ಆಂಬ್ರೋಸರಿಗೆ ವೇದಿಕೆಯ ಮುಂದಿನ ಜಾಗದವರೆಗೆ ಹೋಗಲಾಗಲಿಲ್ಲ. ಕುರ್ಚಿಯಿಂದ ಎದ್ದದ್ದೇ ಹೆಚ್ಚು. ಅಲ್ಲೇ, ಊಟದ ಮೇಜುಗಳ ನಡುವೆ, ರೋಸ್ಮೇರಿ ಅವರನ್ನು ತಬ್ಬಿ ನಿಂತಳು. ಹಾಡು ಮುಗಿಯುವವರೆಗೆ ಪಾದ ಏಳಲಿಲ್ಲ. ದೂರದವರು ಮಗಳನ್ನು ಕಳಿಸಿಕೊಡುವ ದುಃಖಕ್ಕೆ ಅಪ್ಪಿಕೊಂಡಿದ್ದಾರೆ ಎಂದು ತಿಳಿದಿರಬಹುದು. ಇಗರ್ಜಿಯ ಬಾಗಿಲಲ್ಲಿ ಕ್ಯಾರಲ್ ತೂಗಿದ್ದನ್ನು ನೋಡಿದ್ದ ನನಗೆ ಇವರು ಕುಣಿಯುತ್ತಿದ್ದಾರೆ ಎಂದು ತಿಳಿಯಿತು, ಜೂಲಿಯೆಟ್ ಬಾಯಿಗೂ ಗೊತ್ತಿತ್ತು. ಬೇರೆ ಜೋಡಿಗಳು ತಾಗದಂತೆ ಅವರು ಬಂದು ಬೆನ್ನು ಕೊಟ್ಟು ನಿಂತರು.

ಈಗ 2019. ಆಂಬ್ರೋಸರು ಹೆಚ್ಚಾಗಿ ಮಂಚದಲ್ಲೇ ಇರುತ್ತಾರೆ. ಮಾತು ಬಹುತೇಕ ನಿಂತಿದೆ. ಬೆಳಿಗ್ಗೆ ರೋಸ್ಮೇರಿ ಅವರನ್ನು ಎಬ್ಬಿಸಿ ಎದೆಗೆ ಒರಗಿಸಿಕೊಂಡು ಹಾಡು ಹಾಕುತ್ತಾಳೆ, ಭಾರವನ್ನು ಎಡಕ್ಕೆ ಬಿಡುತ್ತಾಳೆ, ಬಲಕ್ಕೆ ಬಿಡುತ್ತಾಳೆ. ಹೊಸ್ತಿಲು ದಾಟುವುದು ಇಲ್ಲ. ಹಾಡು ಇಡೀ ಮುಗಿದರೂ ಹಿಮ್ಮಡಿ ಏಳದ ದಿನಗಳೇ ಈಗ ಹೆಚ್ಚು.

"ಇವತ್ತು?" ಎಂದು ನಾನು ಸಂಜೆ ಕೇಳುತ್ತೇನೆ.

"ಇವತ್ತು ಇಲ್ಲ," ಎನ್ನುತ್ತಾಳೆ. ಜಪಸರ ಕೈಗೆ ತೆಗೆದುಕೊಂಡು ಶಿಲುಬೆಯ ಗುರುತು ಹಾಕುತ್ತಾಳೆ. ಅವಳು ಜಪದ ಅರ್ಧ ಹೇಳುತ್ತಾಳೆ, ಉಳಿದರ್ಧ ನಾನು ಉತ್ತರವಾಗಿ ಹೇಳುತ್ತೇನೆ.